ಹೀರಾ ಅಕ್ಕೋರ ಹಡಗಿನ ಕಾದಂಬರಿ

"ಹೀರಾ ಅಕ್ಕೋರ ಮನೇಲಿರೂದು ಒಬ್ರೇ, ಜಗಳ ಮಾತ್ರ ಇಡೀ ಕೇರಿಯಷ್ಟು" ಎಂದು ಕಡಲ ದಂಡೆಯ ಬೊಬ್ರುವಾಡದ ಹೆಂಗಸರು ನಗುತ್ತಿದ್ದರು. ಸುಳ್ಳೇನಲ್ಲ. ಸಂಜೆಯಾದರೆ ಆ ಬಾಡಿಗೆ ಮನೆಯೊಳಗೆ ಮುದುಕನೊಬ್ಬ ಗದರುತ್ತಿದ್ದ, ಹುಡುಗಿಯೊಬ್ಬಳು ಅಳುತ್ತಿದ್ದಳು, ಅದೂ ಇಂಗ್ಲಿಷಿನಲ್ಲಿ. ಹೈಸ್ಕೂಲಿನ ಇಂಗ್ಲಿಷ್ ಅಕ್ಕೋರು ಮರುದಿನದ ಪಾಠವನ್ನು ಪಾತ್ರಗಳ ದನಿಯಲ್ಲೇ ಗೋಡೆಗೆ ಹೇಳಿ ನೋಡುತ್ತಿದ್ದರು, ಅಷ್ಟೇ.

ಹತ್ತನೆಯ ತರಗತಿಗೆ ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ಸಂಕ್ಷೇಪವಿತ್ತು. ಒಬ್ಬ ಕಪ್ತಾನ, ಅವನ ದಾರಿ ಕಾಯುವ ಮಗಳು, ನಡುವೆ ಮುಳುಗುವ ಹಡಗು. ಅದಕ್ಕೆ ಬೇಕಾದ ಸಾಹಿತ್ಯದ ಪರಿಭಾಷೆಯನ್ನೆಲ್ಲ ಅಕ್ಕೋರು ಮೀನುಪೇಟೆಯಿಂದಲೇ ತರುತ್ತಿದ್ದರು.

"ಬಂಗಡೆ ಬೆಳ್ಳಿ ಹಾಗಿದೆ ಅಂದ್ರೆ ಉಪಮೆ. ಇದು ಬಂಗಡೆ ಅಲ್ಲ, ಬೆಳ್ಳಿ ಅಂದ್ರೆ ರೂಪಕ. ನಿನ್ನೆಯ ಮೀನು ಮೂಸಿ, ಅಬ್ಬಾ ಎಂಥಾ ತಾಜಾ ಅಂದ್ರೆ?"

"ವ್ಯಂಗ್ಯ!" ಎಂದು ತರಗತಿಯೆಲ್ಲ ಕೂಗುತ್ತಿತ್ತು.

2004ರಲ್ಲಿ ಅಕ್ಕೋರ ನಿವೃತ್ತಿ. ಆ ಕೊನೆಯ ತಂಡದಲ್ಲಿ ಮೀನುಗಾರ ಪುಂಡಲೀಕನ ಮಗಳು ಪ್ರೇಕ್ಷಾ ಇದ್ದಳು. ಇಂಗ್ಲಿಷ್ ಪಾಸಾದರೆ ಕಾರವಾರದ ಕಾಲೇಜು, ಇಲ್ಲವಾದರೆ ಅಜ್ಜಿಯ ಸಂಗಡ ಮೀನುಬುಟ್ಟಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪರಿಭಾಷೆ ಕೇಳಿದರೆ ಹುಡುಗಿ ಪಟಪಟ ಹೇಳುವಳು. "ಈಗ ಕಥೆ ಹೇಳು" ಅಂದರೆ ಬಾಯಿಗೆ ಬೀಗ. ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆ ಬರುವುದೇ ಕಥೆಯ ಮೇಲೆ. ಅಕ್ಕೋರಿಗೆ ಊಟ ಸೇರಲಿಲ್ಲ. ಒಂದು ಮಧ್ಯಾಹ್ನ ಅವಳ ಮನೆಗೇ ನಡೆದರು.

ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದ ಗಂಗಜ್ಜಿ ತಲೆಯೆತ್ತಲಿಲ್ಲ. "ಕಥೆ ಹೇಳೂದು ಬೇಡ ಅಂದದ್ದು ನಾನೇ ಅಕ್ಕೋರೇ. ಅಪ್ಪ ಕಡಲಲ್ಲಿದ್ದಾಗ ಮಗಳು ಹಗಲು ಕಥೆ ಹೇಳಿದ್ರೆ ದೋಣಿಗೆ ದಾರಿ ತಪ್ತದೆ. ಅದ್ರಲ್ಲೂ ನಿಮ್ದು ಮುಳುಗೂ ಹಡಗು!"

"ಕೊನೇಲಿ ಕಪ್ತಾನ ಬದುಕಿ ಬರ್ತಾನೆ ಅಜ್ಜಿ."

"ಹಾಗಾದ್ರೆ ಅಂವ ಮೊದ್ಲು ಬರಲಿ, ಹಡಗು ಆಮೇಲೆ ಮುಳುಗಲಿ."

ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. ವಾದಕ್ಕೂ ಇಳಿಯಲಿಲ್ಲ. ಮರುದಿನದಿಂದ ಪುನರಾವರ್ತನೆಯ ಪಾಠ ದೀಪ ಹಚ್ಚಿದ ಮೇಲೆ, ಅಕ್ಕೋರ ಮನೆಯ ಜಗಲಿಯಲ್ಲಿ. ಪುಂಡಲೀಕನೂ ಬಂದು ಎದುರಿಗೇ ಕೂತ. ಅಪ್ಪ ದಡದಲ್ಲಿದ್ದಾನೆಂಬುದಕ್ಕೆ ಬೇರೆ ಸಾಕ್ಷಿ ಬೇಡವಲ್ಲ! ಪ್ರೇಕ್ಷಾಳ ಬಾಯಿ ಬಿಚ್ಚಿತು. ಪಕ್ಕದ ಮನೆಯ ಜಯಂತಿ ಹೂಂಗುಟ್ಟಿದಳು. ಹಡಗು ಮುಳುಗುವಾಗ ಗಂಗಜ್ಜಿ ಮಗನ ತೋಳು ಹಿಡಿದೇ ಕೂತಳು.

ಎಲ್ಲ ಮುಗಿದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು: "ಪರೀಕ್ಷೆ ಇರೂದು ಹಗಲಲ್ಲಿ. ಬರೆದ್ರೂ ಹೇಳಿದ ಹಾಗೇ ಅಲ್ವಾ, ಅಕ್ಕೋರೇ?"

ಪುಂಡಲೀಕ ಪಂಚೆ ಕೊಡವಿ ಎದ್ದ. "ಆ ದಿನ ನಾ ಕಡಲಿಗೆ ಹೋಗೂದಿಲ್ಲ, ಬಿಡು."

ಇಂಗ್ಲಿಷ್ ಪರೀಕ್ಷೆಯ ದಿನವೇ ದಡದ ಹತ್ತಿರ ಬಂಗಡೆಯ ಹಿಂಡು ಕಾಣಬೇಕೆ! ದೋಣಿಗಳೆಲ್ಲ ಹೊರಟವು. ಪುಂಡಲೀಕ ಇಸ್ತ್ರಿ ಅಂಗಿ ತೊಟ್ಟು ಶಾಲೆಯ ಗೇಟಿನ ಎದುರು, ಕಿಟಕಿಗೆ ಕಾಣುವ ಹಾಗೆ, ಮರದಡಿ ಕೂತ. ಅಕ್ಕೋರೂ ಪಕ್ಕದಲ್ಲಿ ನಿಂತರು.

"ಏನೋ ಪುಂಡಲೀಕಾ, ನಿಂದೂ ಪರೀಕ್ಷೆಯಾ?" ಎಂದು ಸೈಕಲ್ಲಿನವನೊಬ್ಬ ಕೆಣಕಿದ.

"ಹೌದು ಮಾರಾಯಾ, ಸುಮ್ನೆ ಕೂರೂ ಪರೀಕ್ಷೆ. ಇದೇ ಕಷ್ಟ!"

ಗಂಟೆ ಹೊಡೆಯಿತು. ಪ್ರೇಕ್ಷಾ ಓಡಿಬಂದಳು. "ಮುಳುಗಿಸಿದೆ ಅಕ್ಕೋರೇ! ಪುಟಗಟ್ಟಲೆ ಮುಳುಗಿಸಿದೆ!"

ಫಲಿತಾಂಶ ಬಂತು; ಇಂಗ್ಲಿಷಿನಲ್ಲಿ ತರಗತಿಗೇ ಅವಳು ಮೊದಲಿಗಳು. ಆದರೆ ಕಾರವಾರದಲ್ಲಿ ಹುಡುಗಿ ಉಳಿಯುವುದೆಲ್ಲಿ ಎಂದು ಪುಂಡಲೀಕ ತಲೆ ಕೆರೆದುಕೊಂಡ. "ನಿವೃತ್ತಿ ಆಯ್ತಲ್ಲ, ನಾನೂ ಕಾರವಾರಕ್ಕೇ, ಹಬ್ಬುವಾಡದ ನನ್ನ ಮನೆಗೇ ಹೋಗೂದು. ಒಬ್ಳಿಗೆ ಇಡೂ ಗಂಜಿ ಇಬ್ರಿಗೆ ಇಟ್ರಾಯ್ತು" ಅಂದರು ಅಕ್ಕೋರು.

ಹೊರಡುವ ಬೆಳಿಗ್ಗೆ ಪುಂಡಲೀಕ ಇಬ್ಬರ ಟ್ರಂಕನ್ನೂ ಟೆಂಪೋಗೆ ಏರಿಸಿದ. ಗಂಗಜ್ಜಿ ಒಣಮೀನಿನ ಪೊಟ್ಟಣ ತುರುಕಿ, ಸೆರಗಿನಲ್ಲಿ ಕಣ್ಣೊರೆಸಿ, "ಹುಡುಗಿಗೆ ಬೈದ್ರೆ ಕನ್ನಡದಲ್ಲೇ ಬೈರಿ, ಅಕ್ಕೋರೇ" ಅಂದಳು. ಖಾಲಿ ಕೋಣೆಗಳನ್ನು ಮತ್ತೊಮ್ಮೆ ನೋಡಿಬಂದ ಅಕ್ಕೋರು ಬಾಗಿಲೆಳೆದು, ಮನೆಯ ಯಜಮಾನರಿಗೆ ಮುಟ್ಟಿಸಲೆಂದು ಕೀಲಿಯನ್ನು ಜಯಂತಿಯ ಕೈಗಿತ್ತರು. ಟೆಂಪೋದೊಳಗಿಂದ ಪ್ರೇಕ್ಷಾ ಕೈ ಚಾಚಿದಳು. ಅದನ್ನು ಹಿಡಿದು ಅಕ್ಕೋರು ಹತ್ತಿದರು.