ಬಿಡಬ್ಯಾಡ ಎಂದದ್ದು ಕೇಳಿಸಿತ್ತು

ನನಗೆ ಪೂರ್ತಿ ಕೇಳಿಸಿತ್ತು. ವೀರೇಶ ನೀರಿನೊಳಗಿಂದ ಕೂಗಿದ್ದು "ಬಿಡಬ್ಯಾಡೋ" ಎಂದು. ನಾನು ಹಗ್ಗ ಬಿಟ್ಟೆ. ಆಮೇಲೆ ಎಲ್ಲರಿಗೂ, ಅವನಿಗೂ, "ಬಿಡು" ಎಂದಷ್ಟೇ ಕೇಳಿಸಿತು ಎಂದು ಹೇಳಿದೆ.

ಇದು ಆರು ವರ್ಷದ ಹಿಂದಿನ ಮಾತು. ಈ ಸುಳ್ಳನ್ನು ಎಷ್ಟು ಬಾರಿ, ಎಷ್ಟು ಚೆನ್ನಾಗಿ ಹೇಳಿದ್ದೇನೆಂದರೆ ಈಗ ಒಮ್ಮೊಮ್ಮೆ ನನ್ನ ನೆನಪಿನಲ್ಲೂ ಅವನು ಅರ್ಧ ಪದವನ್ನೇ ಕೂಗುತ್ತಾನೆ. ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಆದರೆ ಇಲ್ಲಿ "ನೆನಪು ತಪ್ಪಿರಬಹುದು" ಎನ್ನುವುದೂ ತಪ್ಪಿಸಿಕೊಳ್ಳುವ ಒಂದು ಕಿಂಡಿ. ಅದನ್ನು ಮುಚ್ಚಿಯೇ ಬರೆಯಬೇಕು.

ವೀರೇಶ ಹುಬ್ಬಳ್ಳಿಯವನು, ಮೆಲ್ಬರ್ನಿನಲ್ಲಿ ಎಂಜಿನಿಯರ್. ನಾನು ಮೈಸೂರಿನವನು, ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮನೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಇಬ್ಬರೂ ಒಂದೇ ಆಫೀಸಿನಲ್ಲಿದ್ದೆವು. ಅಲ್ಲಿನ ಒಬ್ಬ ಮುದುಕ ಸಹೋದ್ಯೋಗಿ ನಮಗೆ ಫ್ಲೈ ಫಿಶಿಂಗಿನ ಹುಚ್ಚು ಹತ್ತಿಸಿದ. ಎರೆಹುಳುವಿನ ಕೆಲಸವಿಲ್ಲ. ದಾರ, ಪುಕ್ಕ, ಸ್ಪಂಜುಗಳಿಂದ ಕಟ್ಟಿದ ಸುಳ್ಳು ಮಿಡತೆಯೊಂದನ್ನು ನೀರಿನ ಮೇಲೆ ತೇಲಿಬಿಟ್ಟು ಟ್ರೌಟ್ ಮೀನನ್ನು ಮರುಳು ಮಾಡುವುದು. ಸಿಕ್ಕ ಮೀನನ್ನು ಒದ್ದೆ ಕೈಯಲ್ಲೇ ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೆ ಬಿಡುವುದು. ನಾವಿಬ್ಬರೂ ಸಸ್ಯಾಹಾರಿಗಳು. ಅವನ ಹೆಂಡತಿ ಸುನಂದಾ ಕೇಳುತ್ತಿದ್ದಳು: "ತಿನ್ನಂಗಿಲ್ಲ, ಮಾರಂಗಿಲ್ಲ, ಮತ್ತ್ಯಾಕ ಅದರ ಬೆನ್ನ ಹತ್ತಿ ಓಡತೀರಿ ಅಣ್ಣಾರ? ಮೈದಡವಿ ಆರಾಮ ಅದೀಯೇನಂತ ಕೇಳಾಕ?"

ಅವನು ಮೆಲ್ಬರ್ನಿಗೆ ಹೋದ ಮೇಲೂ ವರ್ಷಕ್ಕೊಮ್ಮೆ, ಎರಡೂ ಊರುಗಳ ನಡುವೆ ಬೀಳುವ ಟ್ಯೂಮಟ್ ನದಿಯಲ್ಲಿ ಸೇರುತ್ತಿದ್ದೆವು. ಗಾಳಿ ತುಂಬಿದ ರಾಫ್ಟ್ ಅವನದು. ಒಬ್ಬ ಹುಟ್ಟು ಹಾಕಿದರೆ ಇನ್ನೊಬ್ಬ ಮುಂದೆ ಕೂತು ಲೈನ್ ಬೀಸುತ್ತಿದ್ದ. ಯಾರಿಗಾದರೂ ಮೀನು ಸಿಕ್ಕರೆ ಇನ್ನೊಬ್ಬ ಬೆನ್ನು ತಿರುಗಿಸಿಕೊಂಡೇ ಕೇಳಬೇಕು — "ಬಿಟ್ಟ್ಯಾ?" ಸಿಕ್ಕವನು ಹೇಳಬೇಕು — "ಬಿಟ್ಟೆ." ಅವನ ಹುಬ್ಬಳ್ಳಿಯ ಪ್ರಶ್ನೆ, ನನ್ನ ಮೈಸೂರಿನ ಉತ್ತರ. ಅದಕ್ಕೆ ನಾವು ಪೂಜೆಯ ಮಂತ್ರ ಎನ್ನುತ್ತಿದ್ದೆವು.

ಆ ದಿನ.

ಬೇಸಿಗೆಯಲ್ಲಿ ಕೆಳಗಿನ ಹೊಲಗಳಿಗೆಂದು ಅಲ್ಲಿ ಅಣೆಕಟ್ಟಿನ ತಳದಿಂದ ನೀರು ಬಿಡುತ್ತಾರೆ. ಮೇಲೆ ಸುಡುವ ಬಿಸಿಲು, ನೀರು ಮಾತ್ರ ಮೂಳೆ ಕೊರೆಯುವಷ್ಟು ತಣ್ಣಗೆ, ಜೋರಾಗಿ. ಒಂದು ತಿರುವಿನಾಚೆ ವಿಲ್ಲೋ ಮರವೊಂದು ಹೊಳೆಗೆ ಬಿದ್ದಿತ್ತು. ನೀರು ಅದರ ರೆಂಬೆಗಳ ಒಳಗೆ ನುಗ್ಗಿ ಹೋಗುತ್ತಿತ್ತು — ಜರಡಿಯಲ್ಲಿ ಹೋದ ಹಾಗೆ. ನೀರು ದಾಟುತ್ತದೆ, ಮನುಷ್ಯ ದಾಟುವುದಿಲ್ಲ. ರಾಫ್ಟನ್ನು ಈಚೆ ದಡದ ಕಲ್ಲುಹಾಸಿಗೆ ಎಳೆದೆವು. ಆಚೆ ದಡದಿಂದ ಅದನ್ನು ಹೊತ್ತು ದಾಟಿಸಬಹುದೇ ನೋಡಿ ಬರುತ್ತೇನೆಂದು ವೀರೇಶ ನೀರಿಗಿಳಿದ. ಲೈಫ್ ಜಾಕೆಟ್ ಇತ್ತು. ಹಗ್ಗದ ಒಂದು ತುದಿ ಅವನ ಮುಷ್ಟಿಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

"ನೀ ಜಗ್ಗೂದೂ ಬ್ಯಾಡ" ಎಂದು ಹೇಳಿಯೇ ಇಳಿದಿದ್ದ. "ಸುಮ್ನ ಹಿಡಕೊಂಡು ನಿಂದರು. ನಾ ಜಾರಿದ್ರ, ಹಗ್ಗ ಬಿಗಿ ಇದ್ರ ಸಾಕು, ನೀರ ನನ್ನ ದಂಡೀಗೆ ತರ್ತದ."

ಅಷ್ಟೇ ಕೆಲಸ. ಹಿಡಿದುಕೊಂಡು ನಿಲ್ಲುವುದು.

ಅವನು ಸೊಂಟದ ಮಟ್ಟದ ನೀರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿದ್ದಾಗ, ನನ್ನ ಪಕ್ಕದಲ್ಲೇ, ದಡದ ಹುಲ್ಲು ನೀರಿಗೆ ಬಾಗಿದ್ದ ಕಡೆ, ಒಂದು ಮೀನು ಮೇಲೆ ಬಂತು. ಮತ್ತೆ ಬಂತು. ಅದರ ಬೆನ್ನಿನ ಅಗಲ ನೋಡಿದೆ. ಅಷ್ಟು ದೊಡ್ಡ ಟ್ರೌಟನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಆಮೇಲೆ ನೋಡುವ ಪ್ರಶ್ನೆ ಬರಲಿಲ್ಲ. ಗಾಳದ ರಾಡ್ ನನ್ನ ಕಂಕುಳಲ್ಲಿತ್ತು. ಒಂದೇ ಒಂದು ಸಲ ಎಸೆಯೋಣ ಅಂದುಕೊಂಡೆ. ಗೆಳೆಯ ನಡುನೀರಿನಲ್ಲಿದ್ದಾಗ, ಎಡಗೈಯಲ್ಲಿ ಅವನ ಹಗ್ಗ ಹಿಡಿದು, ಬಲಗೈಯಲ್ಲಿ ಮಿಡತೆ ಎಸೆದೆ. ಮೀನು ಅದನ್ನು ನುಂಗಿತು. ಅದೇ ಗಳಿಗೆಗೆ ಅವನ ಕಾಲಡಿಯ ಕಲ್ಲು ಜಾರಿತು.

ಎಡಗೈಯ ಹಗ್ಗ ಬಿಗಿಯಿತು. ಬಲಗೈಯ ರಾಡ್ ಬಾಗಿತು. ಎರಡನ್ನೂ ಒಂದೊಂದೇ ಕೈಯಲ್ಲಿ ಹಿಡಿಯಲು ಆಗುವುದಿಲ್ಲ ಎಂದು ನನ್ನ ಮೈಗೆ ಗೊತ್ತಾಯಿತು. ಅವನು ಕೂಗಿದ — "ಬಿಡಬ್ಯಾಡೋ!" — ಸ್ಪಷ್ಟವಾಗಿ, ಉದ್ದಕ್ಕೆ, ಕೊನೆಯ ಓಕಾರವನ್ನು ಎಳೆದು.

ಯೋಚಿಸಲು ಸಮಯವಿರಲಿಲ್ಲ ಎಂದು ಬರೆಯಬಹುದು. ಬರೆದರೆ ನಂಬುತ್ತೀರಿ. ಆದರೆ ಸಮಯವಿತ್ತು — ಒಂದು ಕೈಯನ್ನು ಆರಿಸುವಷ್ಟು ಇತ್ತು. ಆರಿಸಿದೆ.

ಮುಂದಿನದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿಗೂ. ನೀರು ಅವನನ್ನು ವಿಲ್ಲೋ ಒಳಕ್ಕೆ ಒಯ್ದಿತು. ಅವನು ಒಂದು ರೆಂಬೆಗೆ ತೋಳು ಹಾಕಿದ್ದು ಕಂಡಿತು. ತಲೆ ನೀರಿನ ಮೇಲಿತ್ತು, ಮುಖ ಆಚೆ ಕಡೆಗೆ ತಿರುಗಿತ್ತು. ಹಿಡಿದುಕೊಂಡಿದ್ದಾನೆ, ಸದ್ಯ — ಎಂದುಕೊಂಡೆ. "ಸದ್ಯ" ಎಂದೇ ಅಂದುಕೊಂಡದ್ದು. ಎಂದುಕೊಂಡು ಮೀನನ್ನು ಎಳೆದೆ. ಅದನ್ನು ದಣಿಸಿ, ನೆಟ್‌ಗೆ ತಂದು, ಮೊಣಕಾಲೂರಿ, ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿದೆ. ಸುಸ್ತಾಗಿತ್ತು ಅದು. ಹಾಗೆ ಸುಸ್ತಾದ ಮೀನನ್ನು ಎಸೆಯಬಾರದು. ಬಾಲ ಹಿಡಿದು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಮುಖವನ್ನು ಹರಿವಿಗೆ ಎದುರಾಗಿ ಇಟ್ಟು ಕಾಯಬೇಕು, ಕಿವಿರು ಮತ್ತೆ ಸರಿಯಾಗಿ ಆಡುವ ತನಕ. ಕಾದೆ. ತಾಳ್ಮೆಯಿಂದ, ಪ್ರೀತಿಯಿಂದ ಕಾದೆ. ಅದು ಚೇತರಿಸಿಕೊಂಡು ಕೈಯಿಂದ ಜಾರಿ ಹೋದ ಮೇಲೆ ಎದ್ದು ವೀರೇಶನ ಕಡೆಗೆ ಓಡಿದೆ.

ಹೇಸಿಗೆ ಎಂಬ ಪದವನ್ನು ಊಟದ ತಟ್ಟೆಯಲ್ಲಿ ಕೂದಲು ಸಿಕ್ಕರೂ ಬಳಸುತ್ತೇವೆ. ಅದಕ್ಕಿಂತ ದೊಡ್ಡ ಪದ ನನಗೆ ಗೊತ್ತಿಲ್ಲ.

ಹುಟ್ಟು ಚಾಚಿ ಅವನನ್ನು ಹೊರಗೆಳೆದೆ. ಕೊಂಬೆಗಳ ನಡುವೆ ಸಿಕ್ಕಿಕೊಂಡ ಬಲಗಾಲು ಮಂಡಿಯಲ್ಲಿ ತಿರುಚಿಹೋಗಿತ್ತು. ತುಟಿ ನೀಲಿಯಾಗಿತ್ತು. ತಡವಾದದ್ದಕ್ಕೆ, ಮರದ ಹತ್ತಿರ ಬರಲು ದಾರಿ ಹುಡುಕುತ್ತಿದ್ದೆ ಎಂದೆ. ಅವನು ತಲೆಯಾಡಿಸಿದ.

ಸಂಜೆ ಆಸ್ಪತ್ರೆಗೆ ಸುನಂದಾ ಮೆಲ್ಬರ್ನಿನಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ಕಾರಿಡಾರಿನಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು, "ನೀವಿದ್ರಿ, ಅದಕ್ಕ ಉಳಕೊಂಡ್ರು ಅಣ್ಣಾರ" ಎಂದು ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ಸೋಪು ಹಾಕಿ ತೊಳೆದಿದ್ದೆ. ಆದರೂ ಮೀನಿನ ಲೋಳೆಯ ವಾಸನೆ ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಅವಳಿಗೆ ಬಂದಿರಬೇಕು. ಮೀನು ಹಿಡಿಯಲು ಹೋದವನ ಕೈ, ಮತ್ತೇನು ವಾಸನೆ ಇರುತ್ತದೆ ಎಂದುಕೊಂಡಿರಬೇಕು.

ಮಾರನೆಯ ದಿನ ವೀರೇಶ ಕೇಳಿದ. ಆಪಾದನೆಯ ದನಿಯಿರಲಿಲ್ಲ. ನಡೆದದ್ದನ್ನು ಜೋಡಿಸಿಕೊಳ್ಳುತ್ತಿದ್ದ, ಅಷ್ಟೇ.

"ಬಿಡಬ್ಯಾಡ ಅಂದ್ನೆಲ್ಲೋ ನಾ?"

"ನಂಗೆ 'ಬಿಡು' ಅಂತ ಕೇಳಿಸ್ತು ಕಣೋ" ಎಂದೆ. "ಆ ನೀರಿನ ಸದ್ದು, ಮೇಲೆ ನಿನ್ನ ಹುಬ್ಬಳ್ಳಿ ಕನ್ನಡ…"

ಆ ಎರಡನೆಯ ವಾಕ್ಯ ಬೇಕಿರಲಿಲ್ಲ. ಸುಳ್ಳಿಗೆ ಮೊದಲನೆಯದೇ ಸಾಕಿತ್ತು. ಅವನು ನಕ್ಕ. "ಖರೇನ ಅದ. ನಮ್ಮ ಮಾತು ಮುಗಿಯೂದ್ರಾಗ ಮನಶ್ಯಾ ಮುಳುಗಿ ಹೋಗ್ತಾನ." ನಾನೂ ನಕ್ಕೆ.

ಮಂಡಿಗೆ ಆಪರೇಷನ್ ಆಯಿತು, ಇನ್ನೊಮ್ಮೆ ಆಯಿತು. ಅವನು ಈಗ ಕುಂಟುತ್ತಾನೆ. ಹರಿಯುವ ನೀರಿನಲ್ಲಿ ನಿಲ್ಲಲು ಆಗುವುದಿಲ್ಲ. ಆದರೆ ನನ್ನ ಸುಳ್ಳು ಅವನ ಕಾಲಿನಷ್ಟಕ್ಕೇ ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ದೋಸೆಗೆ ಸೇರಿದಾಗ, ಯಾರದೋ ಹುಟ್ಟುಹಬ್ಬದಲ್ಲಿ, ಗೆಳೆಯರು ಆ ಕಥೆ ಕೇಳುತ್ತಿದ್ದರು. ನಾನು ಅವನ ಉಚ್ಚಾರಣೆಯನ್ನು ಅಣಕಿಸಿ ಹೇಳುತ್ತಿದ್ದೆ. "ಬಿಡ" ಎಂಬಲ್ಲಿ ನಿಲ್ಲಿಸಿ, ಬಾಯಲ್ಲಿ ನೀರಿನ ಗುಳುಗುಳು ಸದ್ದು ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಓದಿದವನಲ್ಲವೇ, ಕೊನೆಗೆ ಒಂದು ಸಿದ್ಧಾಂತವನ್ನೂ ಸೇರಿಸಿದೆ: ಇಂಗ್ಲಿಷಿನಲ್ಲಿ "ಡೋಂಟ್" ಮೊದಲೇ ಬರುತ್ತದೆ, ಕನ್ನಡದಲ್ಲಿ "ಬೇಡ" ಬಾಲದಲ್ಲಿ ಬರುತ್ತದೆ, ಹಾಗಾಗಿ ಅಪಾಯದ ಹೊತ್ತಿಗೆ ಕನ್ನಡ ಒದಗುವುದಿಲ್ಲ. ಇದನ್ನು ಯಾವ ಮುಖ ಹೊತ್ತು ಹೇಳಿದೆನೋ.

ಈ ಸಿದ್ಧಾಂತವನ್ನು ವೀರೇಶ ನಂಬಿದ. ಅವನು ಮನೆಯಲ್ಲಿ ಮಗಳು ಅದಿತಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕೇಳಿಸದವನಂತೆ ಕೂರುತ್ತಿದ್ದವನು. ಅವನೇ ಮೆಲ್ಬರ್ನಿನ ಕನ್ನಡ ಮನೆಗಳ ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋಗುವಾಗ ಒಂದು ನಿಯಮ ಮಾಡಿದ: ನೀರಿನಲ್ಲಿ ಕನ್ನಡ ಬೇಡ. ಅಷ್ಟೇ ಅಲ್ಲ, ನನ್ನೊಡನೆ ಮಾತಾಡುವಾಗ ಅವನ ಮಾತು ಬದಲಾಯಿತು. "ಹೋಗೂಣು" ಹೋಗಿ "ಹೋಗೋಣ ಕಣೋ" ಬಂತು. ಬೇಸರದಿಂದಲ್ಲ, ನನಗೆ ಅರ್ಥವಾಗಲಿ ಎಂದು. ನಾನು ಅದನ್ನು ಗಮನಿಸಿದೆ. ಸುಮ್ಮನಿದ್ದೆ. ಆರು ವರ್ಷ ಅವನು ನನಗೋಸ್ಕರ ತನ್ನ ಮಾತನ್ನು ನುಂಗಿಕೊಂಡು ಮಾತಾಡಿದ.

ಈ ಬೇಸಿಗೆಯಲ್ಲಿ ಮೆಲ್ಬರ್ನಿಗೆ ಹೋಗಿದ್ದೆ. ಶನಿವಾರ ನಾಲ್ಕಾರು ಮನೆಯವರು ವಾರ್ಬರ್ಟನ್ ಹತ್ತಿರ ಯಾರಾ ಎಂಬ ಹೊಳೆಗೆ ಹೋದೆವು. ಮಕ್ಕಳು ಗಾಳಿ ಟ್ಯೂಬುಗಳಲ್ಲಿ ತೇಲುತ್ತಿದ್ದರು. ವೀರೇಶ ದಡದಲ್ಲಿ ಮಡಿಚುವ ಕುರ್ಚಿಯ ಮೇಲೆ, ಕಾಲು ಚಾಚಿ ಕೂತಿದ್ದ. ಪುಟ್ಟ ಹುಡುಗಿಯೊಬ್ಬಳ ಟ್ಯೂಬ್ ನನ್ನ ಕೈ ತಪ್ಪುವಂತಾಯಿತು. ಗಾಬರಿಯಲ್ಲಿ "ಹಿಡ್ಕೋ, ಬಿಡ್ಬೇಡ!" ಎಂದು ಕೂಗಿದೆ. ಅವಳು ಹಿಡಿದುಕೊಂಡಳು — ಅವಳಿಗೆ ಕೇಳಿಸಿತ್ತು. ಈಗ ಯೂನಿವರ್ಸಿಟಿಯಲ್ಲಿ ಓದುವ ಅದಿತಿ ಪಕ್ಕದಿಂದ ನಗುತ್ತ ಹೇಳಿದಳು: "ಅಂಕಲ್, ನೋ ಕನ್ನಡ ಇನ್ ದ ವಾಟರ್. ನೀವೇ ಮರೆತರೆ ಹೇಗೆ?"

ಎಲ್ಲರೂ ನಕ್ಕರು. ಕುರ್ಚಿಯಲ್ಲಿದ್ದ ವೀರೇಶನೂ.

ಮರುದಿನ ಬೆಳಿಗ್ಗೆ ಅವನ ಗ್ಯಾರೇಜಿನಲ್ಲಿದ್ದೆವು. ಅವನು ಮೇಜಿನ ಸಣ್ಣ ಇಕ್ಕಳದಲ್ಲಿ ಕೊಕ್ಕೆ ಸಿಗಿಸಿ ಮಿಡತೆ ಕಟ್ಟುತ್ತಿದ್ದ. ಮುಂದಿನ ಅಕ್ಟೋಬರಿನಲ್ಲಿ ಟ್ರೌಟ್ ಸೀಸನ್ ತೆರೆದಾಗ ಇನ್ನೊಮ್ಮೆ ಟ್ಯೂಮಟ್‌ಗೆ ಹೋಗೋಣ ಎಂದ. "ನಾನು ರಾಫ್ಟಿಂದ ಇಳಿಯಲ್ಲ. ರಾಫ್ಟಿನ ಹಗ್ಗ ನೀನು ಹಿಡ್ಕೋ. ಬೇರೆ ಯಾರ ಕೈಗೂ ಕೊಡೋಕೆ ನಂಗೆ ಧೈರ್ಯ ಸಾಲಲ್ಲ ಕಣೋ."

ಆ "ಕಣೋ" ನನ್ನದು. ನನ್ನ ಊರಿನದು. ಅವನ ಬಾಯಲ್ಲಿ ಅದನ್ನು ಇನ್ನೊಂದು ಸಲ ಕೇಳಲಾರೆ ಅನ್ನಿಸಿತು. ಧೈರ್ಯ ಬಂದು ಹೇಳಿದ್ದಲ್ಲ.

"ವೀರೇಶ, ಅವತ್ತು ನಂಗೆ ಪೂರ್ತಿ ಕೇಳಿಸಿತ್ತು."

ಅವನ ಕೈ ನಿಂತಿತು. ಉಳಿದದ್ದನ್ನೂ ಹೇಳಿದೆ. ಹುಲ್ಲಿನ ಪಕ್ಕದ ಮೀನು, ಎಸೆದದ್ದು, ಬಾಲ ಹಿಡಿದು ಕಾದದ್ದು. ಹೇಳುವಾಗ ನನ್ನ ಮಾತಿನಲ್ಲಿ "ಆದರೆ" ಎಂಬ ಪದ ಎರಡು ಸಲ ಬಂತು. ಎರಡು ಸಲವೂ ಆ ವಾಕ್ಯವನ್ನು ಅರ್ಧಕ್ಕೆ ಬಿಟ್ಟೆ.

ಅವನು ಬೈಯಲಿಲ್ಲ. ಕತ್ತರಿಸದೆ ಉಳಿದಿದ್ದ ದಾರದ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದ. ಆಮೇಲೆ ನನಗೆ ಬೆನ್ನು ಮಾಡಿ ಕೇಳಿದ. ಆರು ವರ್ಷದಲ್ಲಿ ಮೊದಲ ಸಲ, ತನ್ನ ಮಾತಿನಲ್ಲಿ.

"ಬಿಟ್ಟ್ಯಾ?"

ಮೀನಿನ ಬಗ್ಗೆ ಕೇಳಿದನೋ, ಹಗ್ಗದ ಬಗ್ಗೆಯೋ. ಎರಡಕ್ಕೂ ನನ್ನಲ್ಲಿ ಒಂದೇ ಉತ್ತರವಿತ್ತು.

"ಬಿಟ್ಟೆ."

"ಇನ್ನ ನೀ ಹೊಂಡು" ಎಂದ.

ಹೊರಟೆ. ಸುನಂದಾ ಅಡುಗೆಮನೆಯಿಂದ, ರೊಟ್ಟಿ ಆಗ್ಯಾವ, ಉಂಡು ಹೋಗ್ರಿ ಅಣ್ಣಾರ ಎಂದಳು. ಅವಳ ಮುಖ ನೋಡದೆ ಏರ್‌ಪೋರ್ಟಿಗೆ ತಡವಾಯಿತೆಂದೆ. ಅದೂ ಸುಳ್ಳೇ.

ಆಮೇಲೆ ಅವನು ಫೋನ್ ಮಾಡಿಲ್ಲ. ಮಾಡಲಿ ಎಂದು ಕಾಯುವ ಹಕ್ಕು ನನಗಿಲ್ಲ. ರಾಡನ್ನು ಮಾರಿಲ್ಲ, ಮುರಿದಿಲ್ಲ. ಹಾಗೆ ಮಾಡಿದರೆ ಅದೂ ಒಂದು ನಾಟಕವಾಗುತ್ತದೆ. ಅದು ಕೆಲ್ಲಿವಿಲ್‌ನ ಗ್ಯಾರೇಜಿನಲ್ಲಿ, ದಿನವೂ ಕಾರು ತೆಗೆಯುವಾಗ ಕಣ್ಣಿಗೆ ಬೀಳುವಲ್ಲಿ ನಿಂತಿದೆ.

ಇದನ್ನು ಬರೆಯುತ್ತಿರುವುದು ಕ್ಷಮೆಗಾಗಿ ಅಲ್ಲ. ಆ ಕಥೆಗೆ ನಕ್ಕ ಮನೆಗಳು ಎರಡೂ ಊರುಗಳಲ್ಲಿವೆ. ಆ ನಿಯಮವನ್ನು ಮಕ್ಕಳಿಗೆ ಕಲಿಸಿದ ಮನೆಗಳೂ ಇವೆ. ಅವರಿಗೆ ಇಷ್ಟು ಗೊತ್ತಿರಲಿ: ಅವನ ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ಮಕ್ಕಳು ಹೊಳೆಯಲ್ಲಿ ಬೇಕಾದಷ್ಟು ಕನ್ನಡದಲ್ಲಿ ಕೂಗಲಿ, ಹುಬ್ಬಳ್ಳಿಯದಾದರೂ ಸರಿ, ಮೈಸೂರಿನದಾದರೂ ಸರಿ. ದಡದಲ್ಲಿರುವವನಿಗೆ ಕೇಳಿಸುತ್ತದೆ. ಕೊನೆಯ ಅಕ್ಷರದವರೆಗೂ ಕೇಳಿಸುತ್ತದೆ.