ಧನಗೆರೆಯ ಮಾದಪ್ಪನಿಗೆ ಒಂದು ಎಲೆ

ಈ ವರ್ಷ ಜೂನ್‌ನಲ್ಲಿ ನಾನು ಗದಗಿನಿಂದ ಕೊಳ್ಳೇಗಾಲಕ್ಕೆ ವರ್ಗವಾಗಿ ಬಂದೆ. ಬಾಡಿಗೆ ಕರಾರು ಬರೆಯುವಾಗ ಮನೆ ಮಾಲೀಕರು ನನ್ನ ಹೆಸರು ಓದಿ ಪೆನ್ನು ನಿಲ್ಲಿಸಿದರು.

"ಇದೇನ್ ಮೇಡಂ, ಇನಿಷಿಯಲ್ ಜಾಗದಲ್ಲಿ ಊರು ಬರ್ದಿದ್ದೀರಿ?"

"ಊರಲ್ರೀ, ಅಡ್ಡಹೆಸರು. ಧನಗೆರಿ."

"ಧನಗೆರೆ ನಮ್ ತಾಲ್ಲೂಕೇ ಕಣ್ರಿ. ಬಸ್ ಹತ್ತುದ್ರೆ ಇಳಿಸ್ತಾರೆ."

ಗದಗಿನಲ್ಲಿ ಅಡ್ಡಹೆಸರಿಲ್ಲದೆ ಆಳಿನ ಗುರುತೇ ಸಿಗುವುದಿಲ್ಲ. ಇಲ್ಲಿ ತಂದೆಯ ಹೆಸರಿನ ಒಂದಕ್ಷರ ಸಾಕು. ಜೋಳದ ಹಿಟ್ಟು ಕೇಳಿದರೆ ಅಂಗಡಿಯವರು ಮುಸುಕಿನ ಜೋಳದ್ದು ತೂಗಿದರು. ಭಾನುವಾರ ಮಾತಿಗೆ ಯಾರೂ ಇರಲಿಲ್ಲ. ಅಂಥದೊಂದು ಭಾನುವಾರ ಧನಗೆರೆಯ ಬಸ್ ಹತ್ತಿದೆ.

ನನಗೆ ಗೊತ್ತಿದ್ದುದು ಇಷ್ಟೇ: ಮುತ್ತಜ್ಜ ಮಾದಪ್ಪ ಎತ್ತು ಮಾರುವವರ ಜೊತೆ ನಡೆದು ನಮ್ಮ ಸೀಮೆಗೆ ಬಂದ, ಅಲ್ಲೇ ಮದುವೆಯಾದ, ಅಲ್ಲೇ ತೀರಿಕೊಂಡ. ಜನ ಅವನನ್ನು ಅವನ ಊರಿನಿಂದ ಗುರುತಿಸಿದರು. ಅದೇ ನಮ್ಮ ಅಡ್ಡಹೆಸರಾಯಿತು. ಧನಗೆರೆಯಲ್ಲಿ ಆ ಹೆಸರು ಯಾರಿಗೂ ಇಲ್ಲ. ಊರು ಬಿಡದವರಿಗೆ ಅದರ ಅಗತ್ಯ ಬಿದ್ದಿಲ್ಲ.

"ಮಾದಪ್ಪ ಮನೆಗೊಬ್ಬ ಅವ್ನೆ. ನಿಮ್ಗೆ ಯಾವನು ಬೇಕು?" ಎಂದು ಬಸ್ ನಿಲ್ದಾಣದಲ್ಲಿದ್ದವರು ನಕ್ಕರು. ಎತ್ತಿನ ವಿಷಯ ಹೇಳಿದ ಮೇಲೆ ಒಬ್ಬರು ಸಿದ್ದಮ್ಮನ ಮನೆ ತೋರಿಸಿದರು.

ಸಿದ್ದಮ್ಮ ಎಂಬತ್ತು ದಾಟಿದವರು. ಅವರ ತಂದೆಯ ಅಣ್ಣ ಮಾದಪ್ಪ ಎತ್ತು ಹೊಡೆದುಕೊಂಡು ಹೋದವನು ಮರಳಿರಲಿಲ್ಲ.

"ಸುಮ್ನಿರವ್ವ, ಪಾಲ್ ಕೇಳಕ್ಕೆ ಬಂದವ್ರೆ," ಎಂದರು ಮಗ ಮಹದೇವ.

"ಕೊಡಕ್ಕೆ ಏನದ್ಲಾ ಇಲ್ಲಿ? ನಿನ್ನೇ ತಕಂಡೋಗ್ಲಿ ಬುಡು." ಆಮೇಲೆ ನನ್ನತ್ತ ತಿರುಗಿದರು. "ತೀರ್ಕಂಡ್ನಾ?"

"ಹೌದ್ರೀ ಅಜ್ಜಿ. ನಮ್ಮಜ್ಜ ಸಣ್ಣಾಂವ ಇದ್ದಾಗ."

"ನಮ್ಮಪ್ಪ ಸಾಯೋಗಂಟ ಅಣ್ಣನ್ಗೆ ಎಡೆ ಇಕ್ನಿಲ್ಲ ಕಣವ್ವ. ಸುದ್ದಿ ಬರ್ದೆ ಎಂಗಿಕ್ಕದು? ಬದುಕಿರೋನ್ಗೆ ಇಕ್ದಂಗಾದ್ರೆ?"

ಮಹಾಲಯ ಅಮಾವಾಸ್ಯೆಯಂದು ಇಲ್ಲಿ ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರೆ. ಅದೇ ಎಡೆ. ಸಾವಿನ ಸುದ್ದಿಯಿಲ್ಲದ ಮಾದಪ್ಪನಿಗೆ ಅಲ್ಲಿ ಜಾಗವಿರಲಿಲ್ಲ.

"ಇವರ ಮಾದಪ್ಪ ಬೇರೆ ಯಾವನೋ ಆಗಿದ್ರೆ? ನಮ್ಮೋನು ಇನ್ನೆಲ್ಲೋ ಅಂಗೇ ಉಳ್ಕತಾನೆ," ಎಂದರು ಮಹದೇವ.

ಇಬ್ಬರೂ ಒಬ್ಬನೇ ಎನ್ನಲು ನನ್ನಲ್ಲಿ ಆಧಾರವಿಲ್ಲ ಎಂದೆ. ಸಿದ್ದಮ್ಮ ನನ್ನ ಹತ್ತಿರಕ್ಕೆ ಸರಿದು ಕೇಳಿದರು.

"ಏನ್ ತಿಂತಿದ್ನವ್ವ?"

"ಗೊತ್ತಿಲ್ರೀ. ನಮ್ಮ ಕಡೆ ಎಲ್ಲಾರೂ ತಿನ್ನೂದು ಜೋಳದ ರೊಟ್ಟಿ."

"ಮುದ್ದೆ ಬುಟ್ಟು ಬಾಳ್ದಾ?" ಎಂದು ಅವರು ಮಗನ ಮುಖ ನೋಡಿದರು.

ಮಹಾಲಯದ ದಿನ ಸಿದ್ದಮ್ಮ ಕರೆದರೆಂದು ಹೋಗಿ, ಗದಗಿನಿಂದ ತರಿಸಿದ ಹಿಟ್ಟಿನಲ್ಲಿ ಅವರ ಒಲೆಯ ಮೇಲೆ ರೊಟ್ಟಿ ಮಾಡಿದೆ. ಮಾದಪ್ಪನಿಗೆಂದು ಕೊನೆಯ ಎಲೆಯನ್ನು ಮಹದೇವ ಅವರೇ ಹಾಸಿದರು, ಉಳಿದವುಗಳಿಂದ ತುಸು ದೂರ. ಅದರಲ್ಲಿ ಮುದ್ದೆಯೂ ಇತ್ತು, ರೊಟ್ಟಿಯೂ ಇತ್ತು.