ಹಿಂದಿನ ಸೀಟಿನಿಂದ ಕಂಡ ಮೂರು ಅಂಗಡಿಗಳು

ನನಗೆ ಮೋಟಾರ್ ಸೈಕಲ್ ಓಡಿಸಲು ಬರುವುದಿಲ್ಲ. ಕಲಿಯುವ ಆಸೆಯೂ ಇಲ್ಲ. ಆದರೂ ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಮೋಟಾರ್ ಸೈಕಲ್ ಅಂಗಡಿ ಒಳ್ಳೆಯದು, ಯಾವುದು ಅಷ್ಟಕ್ಕಷ್ಟೆ ಎಂದು ಯಾರಾದರೂ ಕೇಳಿದರೆ, ನಮ್ಮ ಯಜಮಾನರು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿರುತ್ತೇನೆ. ಈ ವಿಷಯದಲ್ಲಿ ನನ್ನ ಅರ್ಹತೆ ಇಷ್ಟೆ: ನಾನು ಹಿಂದೆ ಕೂರುವವಳು. ಓಡಿಸುವವರಿಗೆ ಮುಂದಿನ ರಸ್ತೆ ಮಾತ್ರ ಕಾಣುತ್ತದೆ. ಹಿಂದೆ ಕೂತವರಿಗೆ ಆ ರಸ್ತೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತದೆ.

ಸ್ಕೂಟರಿಗೆ ಹೆಸರು ಬರೆಸಿ ಸರದಿ ಕಾದರೆ ಅದು ನಮ್ಮ ಮಗಳ ಮದುವೆಯ ಹೊತ್ತಿಗೆ ಕೈಗೆ ಬರುತ್ತದೆ ಎಂದು ಗೊತ್ತಾದ ಮೇಲೆ ಇವರು ಮೋಟಾರ್ ಸೈಕಲ್ಲನ್ನೇ ತರುವುದೆಂದು ತೀರ್ಮಾನಿಸಿದರು. ಮಗಳು ಆಗಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ದುಡ್ಡು ಹೇಗೆ ಹೊಂದಿತು ಎನ್ನುವುದು ಬೇರೆಯೇ ಪುರಾಣ, ಇಲ್ಲಿ ಬೇಡ. ಏರ್ಪಾಡು ಮಾತ್ರ ಬಹಳ ಚೆನ್ನಾಗಿತ್ತು. ಬಸವೇಶ್ವರನಗರದ ನಮ್ಮ ಮನೆಯಿಂದ ಬೆಳಗ್ಗೆ ಮೂವರೂ ಹೊರಡುವುದು, ಮಗಳನ್ನು ವಿಜಯನಗರದಲ್ಲಿ ನನ್ನ ತಾಯಿಯ ಮನೆಗೆ ಬಿಡುವುದು, ಅಲ್ಲೇ ಹತ್ತಿರದ ಶಾಲೆಯಲ್ಲಿ ಟೀಚರಾಗಿರುವ ನನ್ನನ್ನು ಇಳಿಸುವುದು, ಇವರು ಮೈಸೂರು ರಸ್ತೆಯ ಕಾರ್ಖಾನೆಗೆ ಹೋಗುವುದು. ಇವರ ಈ ಏರ್ಪಾಡಿನಲ್ಲಿ ಮಗಳು ಎಲ್ಲಿ ಕೂರುತ್ತಾಳೆ ಎಂದು ಯಾರೂ ಕೇಳಲಿಲ್ಲ. ಕೇಳುವುದೇನಿದೆ, ತಾಯಿಯ ಮಡಿಲಲ್ಲಿ.

ನನಗೆ ಮಾತ್ರ ನಮ್ಮ ಬೀದಿಯ ಗಿರಿಜಮ್ಮನವರ ನೆನಪು ಬಿಡುತ್ತಿರಲಿಲ್ಲ. ಅವರ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿ, ಗಾಡಿಯಿಂದ ಬಿದ್ದು, ಸೊಂಟದ ಮೂಳೆ ಮುರಿದಿತ್ತು. ಪುಣ್ಯಕ್ಕೆ ಬದುಕಿದರು. ಆದರೆ ಈಗಲೂ ನೀರಿನ ಕೊಡ ಎತ್ತಲಾರರು, ನಡೆದರೆ ಒಂದು ಕಡೆ ವಾಲುತ್ತಾರೆ. ಅವರ ಯಜಮಾನರು ಬಂದವರಿಗೆಲ್ಲ ಆ ಕಥೆಯನ್ನು "ಇವಳು ಸೆರಗು ಸರಿಯಾಗಿ ಸಿಕ್ಕಿಸ್ಕೊಂಡಿರಲಿಲ್ಲ" ಎಂದೇ ಮುಗಿಸುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಹಾಗಾಗಿ ನಾನು ಒಂದೇ ಷರತ್ತು ಹಾಕಿದೆ. ಚಕ್ರದ ಪಕ್ಕಕ್ಕೆ ಕಂಬಿಯ ಜಾಲರಿ ಇರಬೇಕು, ಸ್ಯಾರಿ ಗಾರ್ಡ್ ಅನ್ನುತ್ತಾರಲ್ಲ, ಅದು. ಇವರ ಮುಖ ಸಣ್ಣಗಾಯಿತು. ಅಂಥ ಸುಂದರವಾದ ಗಾಡಿಗೆ ಇಲಿಬೋನಿನಂಥದ್ದನ್ನು ನೇತುಹಾಕುವುದೇ ಎಂದರು.

ಮೊದಲು ಹೋದದ್ದು ರಾಜಾಜಿನಗರದ ಅಂಗಡಿಗೆ. ಮೂರೂ ಕಡೆ ಗಾಜು, ನೆಲ ಎಷ್ಟು ನುಣುಪು ಎಂದರೆ ಚಪ್ಪಲಿ ಹೊರಗೆ ಬಿಡಬೇಕೇನೋ ಅನ್ನಿಸಿ ನಾನು ಬಿಟ್ಟೇಬಿಟ್ಟೆ. ಟೈ ಕಟ್ಟಿದ್ದ ಅಂಗಡಿಯಾತ ಇವರಿಗೆ ಕುರ್ಚಿ ಕೊಟ್ಟ, ನನಗೆ ಕ್ಯಾಲೆಂಡರ್ ಕೊಟ್ಟ. "ಮೇಡಂ, ಬಣ್ಣ ನೋಡ್ತಾ ಇರಿ" ಎಂದ. ಗಂಡಸಿಗೆ ಇಂಜಿನ್ನು, ಹೆಂಗಸಿಗೆ ಬಣ್ಣ ಎನ್ನುವುದು ಆ ಅಂಗಡಿಯ ಧರ್ಮ. ನಾನು ಜಾಲರಿಯ ಮಾತೆತ್ತಿದರೆ ಆತ ಉತ್ತರವನ್ನು ಇವರಿಗೆ ಹೇಳಿದ: "ಹಾಕ್ಬೋದು ಸಾರ್, ಆದ್ರೆ ಲುಕ್ ಹೋಗ್ಬಿಡುತ್ತೆ." ಇವರು ತಲೆಯಾಡಿಸಿದರು. ನಾನು ಬರಿಗಾಲಲ್ಲಿ ಹೊರಗೆ ಬಂದೆ.

ಎರಡನೆಯದು ವಿಜಯನಗರದಲ್ಲಿ. ಅಂಗಡಿಯ ಯಜಮಾನ ನಮ್ಮ ದಾವಣಗೆರೆ ಕಡೆಯವನೇ. ಮನೆತನ ಕೇಳಿದ, ತಾಯಿಯ ತವರು ಕೇಳಿದ, ಮೂರನೆಯ ಪ್ರಶ್ನೆಗೆ ನಮ್ಮ ಸೋದರಮಾವನಿಗೆ ಹೇಗೋ ನೆಂಟನಾಗಿಬಿಟ್ಟ. ಮಂಡಕ್ಕಿ ಬಂತು, ಮೆಣಸಿನಕಾಯಿ ಬಂತು. "ಅಕ್ಕಾರೆ, ಇದು ನಿಮ್ ತಮ್ಮನ ಅಂಗಡಿ ಅಂತ ತಿಳ್ಕಳ್ಳಿ" ಎಂದ. ನಾನು ಕರಗಿದೆ. ನೆಂಟಸ್ತಿಕೆಯಲ್ಲಿ ಒಂದು ತೊಂದರೆ ಇದೆ ನೋಡಿ, ಅಪರಿಚಿತನಿಗೆ ಕೇಳುವ ಪ್ರಶ್ನೆಯನ್ನು ತಮ್ಮನಿಗೆ ಕೇಳಲಾಗುವುದಿಲ್ಲ. ಜಾಲರಿ ಎಲ್ಲಪ್ಪ ಎಂದರೆ "ಆಮೇಲೆ ಹಾಕ್ಸಿದ್ರಾತು ಬಿಡ್ರಿ, ಮೊದ್ಲು ಒಂದು ಸುತ್ತು ಹೋಗಿ ಬರ್ರಿ" ಎಂದು ಗಾಡಿಯನ್ನು ರಸ್ತೆಗೆ ಇಳಿಸಿಯೇಬಿಟ್ಟ. ಮಂಡಕ್ಕಿಯ ಋಣ, ಹತ್ತಿ ಕೂತೆ.

ಮಾಗಡಿ ರಸ್ತೆಗೆ ಬಂದ ಮೇಲೆ ಇವರಿಗೆ ಹುರುಪು ಬಂತು. ನಾನು ಎರಡು ಕಾಲನ್ನೂ ಒಂದೇ ಕಡೆಗೆ ಇಳಿಬಿಟ್ಟು, ಒಂದು ಕೈ ಇವರ ಹೆಗಲ ಮೇಲೆ, ಇನ್ನೊಂದು ಕೈ ಸೀಟಿನ ಅಂಚಿಗೆ ಕೊಟ್ಟು ಕೂತಿದ್ದೆ. ಸೆರಗನ್ನು ಸಿಕ್ಕಿಸಿಯೇ ಇದ್ದೆ, ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಗಾಳಿಗೆ ಅದು ಯಾವಾಗ ಬಿಚ್ಚಿತೋ ತಿಳಿಯಲಿಲ್ಲ. ತಿಳಿದದ್ದು, ಹೆಗಲ ಮೇಲಿನ ಸೀರೆ ಇದ್ದಕ್ಕಿದ್ದಂತೆ ಬಿಗಿಯಾದಾಗ. ಯಾರೋ ಹಿಂದಿನಿಂದ ಮೆಲ್ಲಗೆ ಜಗ್ಗಿದ ಹಾಗೆ. ಆಮೇಲೆ ಮೆಲ್ಲಗೆ ಅಲ್ಲ. "ರೀ, ನಿಲ್ಸಿ" ಎಂದು ಕೂಗಿದೆ. ನಾನು ಯಾವಾಗಲೂ ಹೀಗೆ ಕೂಗುವವಳೇ ಎಂದುಕೊಂಡು ಇವರು "ಏನಾಗಲ್ಲ ಸುಮ್ನಿರೇ" ಎಂದರು. ಸೀರೆ ಕತ್ತಿನ ಹತ್ತಿರ ಬಂದಿತ್ತು. ನಾನು ಎರಡು ಕೈಯಲ್ಲೂ ಸೆರಗನ್ನು ಹಿಡಿದು ಎಳೆದುಕೊಳ್ಳುತ್ತಿದ್ದೆ, ಅಂದರೆ ಗಾಡಿಯನ್ನು ಹಿಡಿದುಕೊಳ್ಳಲು ಕೈಯೇ ಇರಲಿಲ್ಲ. ಆಗ ಒಂದು ಎತ್ತಿನ ಗಾಡಿ ರಸ್ತೆಗೆ ಅಡ್ಡ ಬಂತು. ಇವರು ಬ್ರೇಕ್ ಹಾಕಲೇಬೇಕಾಯಿತು. ಸೆರಗು ಪರ್ ಎಂದು ಹರಿಯಿತು, ನಾನು ನೆಲದ ಮೇಲೆ ನಿಂತಿದ್ದೆ. ಮಗಳನ್ನು ಆವತ್ತು ತಾಯಿಯ ಮನೆಯಲ್ಲೇ ಬಿಟ್ಟುಬಂದಿದ್ದೆ. ಅವಳು ಮಡಿಲಲ್ಲಿ ಇದ್ದಿದ್ದರೆ ಎಂದು ಯೋಚನೆ ಬಂದದ್ದೇ ರಸ್ತೆಯ ಪಕ್ಕಕ್ಕೆ ಹೋಗಿ ಕೂತೆ.

ನನ್ನನ್ನು ಉಳಿಸಿದ್ದು ಎತ್ತುಗಳು. ಆ ರಾತ್ರಿ ದೇವರ ಮನೆಯಲ್ಲಿ ದೀಪ ಹಚ್ಚುವಾಗ ಶಿವಪಾರ್ವತಿಯರ ಪಟವನ್ನು ಬಹಳ ಹೊತ್ತು ನೋಡಿದೆ. ನಂದಿಯ ಮೇಲೆ ಪಾರ್ವತಿಯೂ ನನ್ನ ಹಾಗೆಯೇ ಎರಡು ಕಾಲೂ ಒಂದೇ ಕಡೆ ಇಳಿಬಿಟ್ಟು ಕೂತಿದ್ದಾಳೆ, ಸೆರಗು ಬೇಕಾದಷ್ಟು ಹಾರುತ್ತಿದೆ. ಆದರೂ ಆಕೆಯ ಮುಖದಲ್ಲಿ ಎಷ್ಟು ನೆಮ್ಮದಿ! ಯಾಕೆಂದು ಆವತ್ತು ಹೊಳೆಯಿತು. ಮೊದಲನೆಯದಾಗಿ, ನಂದಿಗೆ ಚಕ್ರವಿಲ್ಲ. ಎರಡನೆಯದು ಇನ್ನೂ ಮುಖ್ಯ. ಶಿವನೂ ಒಂದೇ ಕಡೆ ಕಾಲು ಹಾಕಿ ಆಕೆಯ ಪಕ್ಕದಲ್ಲೇ ಕೂತಿದ್ದಾನೆ. ದಾರಿ ನೋಡುವ ಕೆಲಸ ನಂದಿಯದು, ಹೆಂಡತಿಯನ್ನು ನೋಡುವ ಕೆಲಸ ಇವನದು. ನಮ್ಮ ಪುರಾಣ ಬರೆದವರಿಗೆ ಸಂಸಾರದ ಅನುಭವ ಚೆನ್ನಾಗಿಯೇ ಇದ್ದಿರಬೇಕು.

ನನ್ನ ಶಿವ ಏನು ಹೇಳಿದರು ಅಂತೀರಿ? ರಸ್ತೆಯ ಪಕ್ಕದಲ್ಲಿ ನಾನು ಕೂತಿದ್ದಾಗ ಇವರ ಬಾಯಿಂದ ಬಂದ ಮೊದಲ ಮಾತು: "ಸೆರಗು ಸರಿಯಾಗಿ ಸಿಕ್ಕಿಸ್ಕೋಬಾರ್ದೇನೇ?" ಗಾಬರಿಯಲ್ಲಿ ಬಂದ ಮಾತು, ನನಗೂ ಗೊತ್ತು. ಆದರೆ ಗಿರಿಜಮ್ಮನ ಯಜಮಾನರ ಬಾಯಿಂದ ಇಳಿದು ಇವರ ಬಾಯಿಗೆ ಬಂದ ಹಾಗಿದ್ದ ಆ ಮಾತು ನನಗೆ ಚಕ್ರಕ್ಕಿಂತ ಜೋರಾಗಿ ಜಗ್ಗಿತು. ಅಂಗಡಿಗೆ ಮರಳಿದರೆ ನೆಂಟ ಹರಿದ ಸೀರೆಯನ್ನು ನೋಡಿ "ಅಕ್ಕಾರೆ, ಬೇಕಾದ್ರೆ ಹೊಸಾ ಸೀರೆ ಕೊಡಿಸ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ" ಎಂದ. ಸೀರೆಯೊಳಗೆ ಒಬ್ಬ ಅಕ್ಕ ಇದ್ದಳೆಂಬುದು ಆ ತಮ್ಮನಿಗೆ ಮರೆತೇಹೋಗಿತ್ತು.

ಮನೆಯಲ್ಲಿ ಮಾತು ನಿಂತಿತು. ಇವರು ಶುಕ್ರವಾರ ಅದೇ ಗಾಡಿ ತರುವುದೆಂದರು, ನಾನು ತನ್ನಿ, ಮಗಳೂ ನಾನೂ ಬಸ್ಸಿನಲ್ಲೇ ಹೋಗುತ್ತೇವೆ ಎಂದೆ. ಸಿಟ್ಟಿನಲ್ಲಿ ಹೇಳಿದ ಮಾತಲ್ಲ. ಆ ಜಾಗದಲ್ಲಿ ಮಗಳನ್ನು ಇಟ್ಟುಕೊಂಡು ನಾನು ಕೂರಲಾರೆ, ಕೂರದಿದ್ದರೆ ಇವರು ಒಂದು ದಾರಿ, ನಾವಿಬ್ಬರು ಇನ್ನೊಂದು ದಾರಿ. ಮದುವೆಯಾದ ಮೇಲೆ ನನಗೆ ನಿಜವಾಗಿ ಹೆದರಿಕೆಯಾದ ದಿನಗಳು ಅವು. ಕಡೆಗೆ ನಮ್ಮ ಶಾಲೆಯ ಡ್ರಿಲ್ ಮಾಸ್ತರರು ಕೆಂಗೇರಿಯಲ್ಲಿ ಒಬ್ಬ ಗೌಡರ ಅಂಗಡಿ ಇದೆ, ಒಮ್ಮೆ ನೋಡಿ ಬನ್ನಿ ಎಂದರು. ಇನ್ನೊಂದೇ ಅಂಗಡಿ, ಆಮೇಲೆ ನಿಮ್ಮಿಷ್ಟ ಎಂದು ಇವರನ್ನು ಬಸ್ಸು ಹತ್ತಿಸಿದೆ.

ಅಂಗಡಿ ಅಂದರೆ ಕಲ್ನಾರಿನ ಶೀಟು ಹೊದಿಸಿದ ಕೊಟ್ಟಿಗೆ. ಒಂದು ಕಡೆ ಮೋಟಾರ್ ಸೈಕಲ್ಲು, ಇನ್ನೊಂದು ಕಡೆ ರಾಗಿ ಮೂಟೆ. ಯಜಮಾನರು ಮರಿಗೌಡರು, ಜಮೀನುದಾರರು, ದೊಡ್ಡ ಹೊಟ್ಟೆ, ಇನ್ನೂ ದೊಡ್ಡ ದನಿ. ಕುರ್ಚಿಯಿಂದ ಏಳಲೂ ಇಲ್ಲ.

"ಯಾರು ಓಡ್ಸೋರು?"

"ನಾನೇ" ಎಂದರು ಇವರು.

"ಹಿಂದ್ಗಡೆ ಕೂರೋರು?"

"ಇವಳು, ಮತ್ತೆ ಮಗು."

"ಹಂಗಾದ್ರೆ ಮೊದ್ಲು ನೀವು ಹಿಂದ್ಗಡೆ ಕೂರಿ ಸಾರ್. ಆಮೇಲೆ ಯಾಪಾರ."

ಇವರು ನಕ್ಕರು. ಗೌಡರು ನಗಲಿಲ್ಲ. "ಪುಟ್ಟಮ್ಮಾ" ಎಂದು ಒಳಗೆ ಕೂಗಿದರು. ಅವರ ಹೆಂಡತಿ ಒಂದು ಹಳೇ ಸೀರೆ ತಂದು, ಏನೂ ಕೇಳದೆ, ನಮ್ಮ ಯಜಮಾನರ ಪ್ಯಾಂಟಿನ ಮೇಲೇ ಸುತ್ತಿ, ಹೆಗಲ ಮೇಲೆ ಸೆರಗು ಹೊದಿಸಿದರು. ಆಮೇಲೆ ಒಂದು ಸಣ್ಣ ಚೀಲಕ್ಕೆ ರಾಗಿ ತುಂಬಿ, ಬಾಯಿ ಕಟ್ಟಿ ಇವರ ಕೈಗೆ ಕೊಟ್ಟರು. "ಕೂಸು ಕಣಪ್ಪ, ಉಷಾರು" ಎಂದರು. ಕೊಟ್ಟಿಗೆಯ ಬಾಗಿಲಲ್ಲಿ ನಾಲ್ಕಾರು ಜನ ನಿಂತು ನೋಡುತ್ತಿದ್ದರು. ಕಾರ್ಖಾನೆಯಲ್ಲಿ ಒಂದು ಶಿಫ್ಟನ್ನೇ ನಡುಗಿಸುವ ಸೂಪರ್‌ವೈಸರು ಸೀರೆಯುಟ್ಟು, ಎರಡು ಕಾಲೂ ಒಂದೇ ಕಡೆ ಹಾಕಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬೇಡ ಎಂದು ಎದ್ದುಬರಲು ಅವಮಾನ, ಕೂರಲು ಅದಕ್ಕಿಂತ ಅವಮಾನ. ಗೌಡರು ಪಂಚೆ ಎತ್ತಿ ಕಟ್ಟಿ ಗಾಡಿ ಒದ್ದರು.

ನಾನು ಬಿದ್ದು ಬಿದ್ದು ನಗಬೇಕಾದ ಹೊತ್ತು. ಗಾಡಿ ಮೈಸೂರು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ನಕ್ಕೆ ಕೂಡ. ಮರೆಯಾದದ್ದೇ ನಗು ನಿಂತಿತು. ಆ ಗಾಡಿಗೂ ಜಾಲರಿ ಇರಲಿಲ್ಲ. ಇವರಿಗೆ ಸೆರಗು ಹಿಡಿದು ಅಭ್ಯಾಸವೇ? ಲಾರಿಗಳು ಓಡಾಡುವ ರಸ್ತೆ ಬೇರೆ. ಎಲ್ಲ ಸಿಟ್ಟೂ ಇಳಿದುಹೋಗಿ, ಇವರು ಒಮ್ಮೆ ಸರಿಯಾಗಿ ವಾಪಸು ಬಂದರೆ ಸಾಕು ಎಂದು ಸೆರಗಿನ ತುದಿಯನ್ನು ಹಿಂಡುತ್ತ ನಿಂತೆ.

"ಹೆದ್ರುಕೋಬೇಡಿ ಕಣಮ್ಮ, ನಿಧಾನಕ್ಕೇ ಓಡಿಸ್ತಾರೆ. ಸೆರಗೂ ಬಿಗಿಯಾಗಿ ಗಂಟು ಹಾಕಿದೀನಿ" ಎಂದರು ಪುಟ್ಟಮ್ಮ. "ಇದು ಅವ್ರು ಮಾಡಿದ್ ರೂಲಲ್ಲ, ನಾನ್ ಮಾಡಿದ್ದು. ಮದ್ಲು ಗಾಡಿ ತಂದಾಗ ಹತ್ತೇ ಅಂದ್ರು. ನೀವ್ ಹತ್ತಿ, ನಿಮ್ ತಮ್ಮ ಓಡಿಸ್ಲಿ, ಬಂದ್ಮೇಲೆ ಹೇಳಿ, ಆಗ ಹತ್ತೀನಿ ಅಂದೆ."

"ಬಂದು ಏನಂದ್ರು?"

"ಏನೂ ಅನ್ನಲಿಲ್ಲ. ವೆಲ್ಡಿಂಗ್‌ನವ್ನ ಕರ್ಸಿದ್ರು."

ಅಷ್ಟರಲ್ಲಿ ಗಾಡಿಯ ಸದ್ದು ಕೇಳಿತು. ಇವರು ಎರಡು ಕೈಯಲ್ಲೂ ಸೀಟನ್ನು ಗಟ್ಟಿಯಾಗಿ ಹಿಡಿದಿದ್ದರು. ಸದ್ಯ, ಬಂದರಲ್ಲ ಎಂದು ನಾನು ಉಸಿರು ಬಿಟ್ಟೆ. ಇವರು ಇಳಿದರು, ಸೀರೆ ತೊಡರಿ ಮುಗ್ಗರಿಸಿದರು, ಸಾವರಿಸಿಕೊಂಡರು. ಗೌಡರು ಗಾಡಿಗೆ ಸ್ಟ್ಯಾಂಡ್ ಹಾಕಿ, ತಿರುಗಿ, ಅದೇ ದೊಡ್ಡ ದನಿಯಲ್ಲಿ ಕೇಳಿದರು.

"ಚೀಲ ಎಲ್ಲಿ ಸಾರ್?"

ಇವರು ತಮ್ಮ ಕೈ ನೋಡಿಕೊಂಡರು. ಎಲ್ಲಿ ಬಿಟ್ಟರೆಂಬುದೇ ಗೊತ್ತಿರಲಿಲ್ಲ. ತಿರುವಿನಲ್ಲೋ, ಹಳ್ಳದಲ್ಲೋ, ತಾವು ಬೀಳದ ಹಾಗೆ ಸೀಟನ್ನು ಹಿಡಿದುಕೊಳ್ಳುವಾಗ ಕೈ ತಾನಾಗಿ ಬಿಟ್ಟಿತ್ತು.

"ಹೋಗ್ಲಿ ಬಿಡಿ" ಎಂದರು ಗೌಡರು. "ರಾಗಿ ತಾನೆ."

ಇವರು ನನ್ನ ಮುಖ ನೋಡಿದರು. ಎಷ್ಟೋ ದಿನಗಳ ಮೇಲೆ ನೋಡಿದರು. ಹೆಗಲ ಮೇಲಿನ ಸೆರಗನ್ನು ತೆಗೆಯುವುದನ್ನೂ ಮರೆತು "ಆ ಜಾಲರಿ ಹಾಕಿ. ಹಿಡ್ಕೊಳ್ಳೋಕೆ ಕಂಬೀನೂ ಹಾಕಿ. ಕಾಲಿಡೋಕೆ ಅಗಲವಾಗಿ ಏನಾದ್ರೂ ಇದೆಯಾ?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಗಾಡಿಯ ಬಣ್ಣ ಯಾವುದು ಎಂದು ಇಬ್ಬರೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ನೋಡಿದರೆ ಅದು ನನಗೆ ಆಗದ ಕೆಂಪು.

ಗೌಡರ ಅಂಗಡಿಯನ್ನು ನಾನು ಆಕಾಶಕ್ಕೇರಿಸುವುದಿಲ್ಲ. ಅವರ ಮೆಕ್ಯಾನಿಕ್ಕು ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ಒಂದೆರಡು ಬೋಲ್ಟು ಉಳಿಸಿಬಿಡುತ್ತಾನೆ. ಕೇಳಿದ ಸಾಮಾನು ಎಂದೂ ಇರುವುದಿಲ್ಲ, "ನಾಳಿಕ್ ಬರುತ್ತೆ" ಎಂಬ ಉತ್ತರ ಮಾತ್ರ ಸದಾ ಸಿದ್ಧ. ಆದರೂ ಒಳ್ಳೆಯ ಅಂಗಡಿ ಯಾವುದು ಎಂದರೆ ಕೆಂಗೇರಿ ಎನ್ನುತ್ತೇನೆ. ಇವರನ್ನು ಕೇಳಿದರೂ ಕೆಂಗೇರಿ ಎಂದೇ ಹೇಳುತ್ತಾರೆ, ಕಾರಣ ಮಾತ್ರ "ಪಿಕಪ್ ಚೆನ್ನಾಗಿದೆ" ಎಂದು ಕೊಡುತ್ತಾರೆ. ಇರಲಿ. ಚೀಲದ ವಿಷಯವನ್ನು ನಮ್ಮ ಮನೆಯಲ್ಲಿ ನಾನೂ ಎತ್ತುವುದಿಲ್ಲ.

ದಿನವೂ ಬೆಳಗ್ಗೆ ಮಗಳನ್ನು ಎತ್ತಿಕೊಂಡು ನಾನು ಹಿಂದೆ ಕೂರುತ್ತೇನೆ. ಇವರು ಗಾಡಿಯನ್ನು ಒದ್ದು, ಗೇರಿಗೆ ಹಾಕದೆ, ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ "ಕೂತ್ಯಾ?" ಎಂದು ಕೇಳುತ್ತಾರೆ. ನಾನು "ಹೂಂ" ಎನ್ನುವವರೆಗೆ ಗಾಡಿ ಹೊರಡುವುದಿಲ್ಲ. ನಮ್ಮ ಸಂಸಾರದಲ್ಲಿ ಮನೆ ಬದಲಾಯಿಸಿದ್ದು, ಮಗಳಿಗೆ ಹೆಸರಿಟ್ಟದ್ದು, ಇವರ ಅಣ್ಣಂದಿರು ಬಂದು ತಿಂಗಳುಗಟ್ಟಲೆ ಉಳಿದದ್ದು, ಯಾವುದೂ ನನ್ನ "ಹೂಂ"ಗಾಗಿ ಕಾದದ್ದಿಲ್ಲ. ಆದ್ದರಿಂದ ಸರಿಯಾಗಿ ಕೂತಾದ ಮೇಲೂ ನಾನು ಒಂದಿಷ್ಟು ಹೊತ್ತು ಸುಮ್ಮನೇ ಇರುತ್ತೇನೆ. ಇಂಜಿನ್ನು ಗುಡುಗುಡು ಎನ್ನುತ್ತಿರುತ್ತದೆ, ಇವರು ಕತ್ತು ತಿರುಗಿಸಿಕೊಂಡೇ ಕಾಯುತ್ತಿರುತ್ತಾರೆ.